ಮನೆಯಲ್ಲೇ ಉದ್ದ ಮಾಡಿದ ಇಂಡಿಕಾ: ಧೂಳು, ಹೊಗೆ, ನೀರು ಬರುವ ಜಾಗ ಹುಡುಕುವುದು

ಹಳೆಯ ಹ್ಯಾಚ್‌ಬ್ಯಾಕ್ ಕಾರಿನ ಹಿಂಭಾಗ ಕತ್ತರಿಸಿ, ಒಂದು ಅಡಿಯಷ್ಟು ಪತ್ರಾ (ಕಬ್ಬಿಣದ ತಗಡು) ಕೂಡಿಸಿ ಎಸ್ಟೇಟ್, ಅಂದರೆ ಹಿಂದೆ ಉದ್ದಕ್ಕೆ ಸಾಮಾನಿನ ಜಾಗವಿರುವ ಕಾರು, ಮಾಡಿದವರ ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಸಾಮಾನು ಚೆನ್ನಾಗಿ ಹಿಡಿಯುತ್ತದೆ, ಆದರೆ ಓಡಿಸಿದರೆ ಒಳಗೆಲ್ಲ ಧೂಳು. ಮಳೆ ಬಂದರೆ ಸ್ಟೆಪ್ನಿ ಗುಂಡಿಯಲ್ಲಿ ನೀರು. ಡಿಕ್ಕಿ ಬಾಗಿಲು ಒಂದು ದಿನ ಸಲೀಸಾಗಿ ಕೂರುತ್ತದೆ, ಇನ್ನೊಂದು ದಿನ ಎರಡೆರಡು ಸಲ ಬಡಿಯಬೇಕು. ಆಮೇಲೆ ಮಾಡುವ ಕೆಲಸವೂ ಒಂದೇ. ಅಂಗಡಿಯಿಂದ ಸಿಲಿಕಾನ್ ಟ್ಯೂಬ್ ತಂದು ಕಂಡಕಂಡಲ್ಲಿ ಬಳಿಯುವುದು.

ಟ್ಯೂಬ್ ತರುವ ಮೊದಲು ಅಳತೆ ಟೇಪು ಹಿಡಿಯಿರಿ ಅನ್ನುವುದೇ ನನ್ನ ಮಾತು. ಮನೆಯಲ್ಲಿ ಉದ್ದ ಮಾಡಿದ ಕಾರಿನಲ್ಲಿ ಬೀಡಿಂಗ್ (ಬಾಗಿಲಿನ ಅಂಚಿಗೆ ಸುತ್ತಲೂ ಹಾಕುವ) ರಬ್ಬರ್ ಮೇಲೆ ಬರುವ ಅಪವಾದದಲ್ಲಿ ಮುಕ್ಕಾಲು ಪಾಲು ಡಿಕ್ಕಿ ಬಾಗಿಲು ಕೂರುವ ಹಿಂದಿನ ಚೌಕಟ್ಟಿಗೆ ಸೇರಬೇಕಾದದ್ದು. ಚೌಕಟ್ಟು ಸೊಟ್ಟ ಇದ್ದರೆ, ಇಲ್ಲವೇ ಓಡುವಾಗ ತಿರುಚಿಕೊಳ್ಳುತ್ತಿದ್ದರೆ, ಎಷ್ಟು ದಪ್ಪದ ರಬ್ಬರ್ ಹಾಕಿದರೂ ಅಷ್ಟೇ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ನನ್ನ ಸೋದರಮಾವನ ಮಗನ ಡೀಸೆಲ್ ಇಂಡಿಕಾ. ಊರು ಕಲಬುರಗಿಯಿಂದ ಆಳಂದ ಕಡೆ. ಗಾಡಿ ಓಡುವುದು ಅವನ ಹೊಲದೊಳಗೆ ಮಾತ್ರ. ಪೈಪು, ಸ್ಪ್ರೇ ಪಂಪು, ತೊಗರಿ ಚೀಲ ಹೊರುತ್ತದೆ. ರಸ್ತೆಗೆ ಯಾಕೆ ತರುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಇವೆ. ಕೆಎ-32 ಪ್ಲೇಟು ಹಾಗೇ ಇದೆಯಲ್ಲ ಅಂತ ಜೇವರ್ಗಿ ರಸ್ತೆಗೆ ಇಳಿಸಿದರೆ ತಪ್ಪು ತಪ್ಪೇ. ಅಪಘಾತವಾದರೆ ವಿಮೆಯವರೂ ಕೈ ಎತ್ತಬಹುದು.

ಹೊಗೆ ವಾಸನೆ ಇದ್ದರೆ ಉಳಿದದ್ದೆಲ್ಲ ಆಮೇಲೆ

ಧೂಳಿನಿಂದ ಕೆಮ್ಮು ಬರುತ್ತದೆ. ಹೊಗೆಯಿಂದ ಪ್ರಾಣ ಹೋಗುತ್ತದೆ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಪೆಟ್ರೋಲ್ ಗಾಡಿಯಲ್ಲಿ ಇದು ಜಾಸ್ತಿ. ಡೀಸೆಲ್‌ನಲ್ಲಿ ಕಡಿಮೆ ಅಂದಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಓಡಿಸುವಾಗ ತಲೆನೋವು, ತಲೆ ಸುತ್ತು, ಓಕರಿಕೆ ಬಂದರೆ ಗಾಡಿ ನಿಲ್ಲಿಸಿ ಕೆಳಗಿಳಿಯಿರಿ. ಕಾರಣ ಸಿಗುವವರೆಗೆ ಓಡಿಸಬೇಡಿ.

ಕಾರಣ ಹೆಚ್ಚಾಗಿ ಕಣ್ಣೆದುರೇ ಇರುತ್ತದೆ. ಬಾಡಿ ಒಂದು ಅಡಿ ಉದ್ದವಾಯಿತು, ಸೈಲೆನ್ಸರ್ ಪೈಪು ಮಾತ್ರ ಇದ್ದಷ್ಟೇ ಉಳಿಯಿತು. ಮೊದಲು ಬಂಪರಿನ ಅಂಚಿಗೆ ಬಂದು ಹೊಗೆ ಬಿಡುತ್ತಿದ್ದ ಪೈಪು ಈಗ ನೆಲಪತ್ರಾದ ಅಡಿಯಲ್ಲೇ ಮುಗಿಯುತ್ತದೆ. ಜೊತೆಗೆ, ನೆಟ್ಟಗೆ ನಿಂತ ಹಿಂಭಾಗದ ಗಾಡಿ ಮುಂದೆ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ತಗ್ಗುತ್ತದೆ. ಆ ತಗ್ಗು ಹೊಗೆಯನ್ನೂ ಧೂಳನ್ನೂ ಡಿಕ್ಕಿ ಬಾಗಿಲಿಗೇ ತಂದು ಅಂಟಿಸುತ್ತದೆ. ಪೈಪಿನ ತುದಿ ಬಾಡಿಯ ಕೊನೆಯ ಅಂಚಿಗಿಂತ ಸ್ವಲ್ಪ ಹೊರಗೆ ಬರಲೇಬೇಕು. ಡಿಕ್ಕಿ ಬಾಗಿಲು ತೆರೆದಿಟ್ಟು, ಹಗ್ಗ ಕಟ್ಟಿ, ಉದ್ದದ ಪೈಪು ಹೇರಿಕೊಂಡು ಓಡಿಸುವ ಚಾಳಿಯಂತೂ ಬೇಡವೇ ಬೇಡ.

ಪೈಪು ಹೊರಗಿದ್ದೂ ವಾಸನೆ ಬಂದರೆ ಜೋಡಣೆಗಳನ್ನು ನೋಡಿ. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಚರ್ಮದ ಗ್ಲೌಸ್ ಹಾಕಿಕೊಂಡು, ಒದ್ದೆ ಬಟ್ಟೆಯಿಂದ ಪೈಪಿನ ಬಾಯಿಯನ್ನು ಒಂದೆರಡು ಕ್ಷಣ ಒತ್ತಿಹಿಡಿಯಿರಿ. ಸೋರುವ ಕಡೆ ‘ಸುಸ್’ ಎಂದು ಕೇಳುತ್ತದೆ. ಇದನ್ನು ಬಯಲಲ್ಲೇ ಮಾಡಿ, ಶೆಡ್ಡಿನೊಳಗೆ ಬೇಡ.

ಚೌಕಟ್ಟು

"ಅಣ್ಣಾ, ಧೂಳ್ ಎಲ್ಲಿಂದ ಬರ್ಲಿಕತ್ತದ ಅಂತ ತಿಳಿವಲ್ದು ನೋಡು" ಎಂದು ಮಾವನ ಮಗ ಕರೆದಾಗ ಗಾಡಿಯ ಹಿಂಬದಿಯಲ್ಲಿ ಬಿಳಿ ಸಿಲಿಕಾನ್ ಮೂರು ಪದರ ಇತ್ತು. ಅದನ್ನೆಲ್ಲ ಕೆರೆದು ತೆಗೆಸಿದೆ. ಸಿಲಿಕಾನ್ ಇದ್ದರೆ ಏನನ್ನೂ ಪತ್ತೆ ಮಾಡಲಾಗುವುದಿಲ್ಲ. ಅಂಗಡಿಯ ಅಗ್ಗದ ಸಿಲಿಕಾನ್‌ಗೆ ವಿನಿಗರ್ ವಾಸನೆ ಇರುತ್ತದೆ, ಅಲ್ವಾ? ಅದು ಆಮ್ಲ. ಬರಿ ಕಬ್ಬಿಣದ ಮೇಲೆ ಬಳಿದರೆ ಅಡಿಯಲ್ಲೇ ತುಕ್ಕು ಶುರು. ಅದರ ಮೇಲೆ ಪೇಂಟೂ ಹಿಡಿಯುವುದಿಲ್ಲ.

ಅಳತೆಗೆ ಸಮತಟ್ಟಾದ ನೆಲ ಬೇಕು. ನಮ್ಮ ಕಡೆ ಇದಕ್ಕೆ ಬರವಿಲ್ಲ. ಶಹಾಬಾದ್ ಫರಸಿ (ಕಲ್ಲಿನ ಚಪ್ಪಡಿ) ಹಾಸಿದ ಅಂಗಳ ಮನೆಮನೆಗೂ ಇದೆ. ನೀರು ಚೆಲ್ಲಿದಾಗ ಒಂದೇ ಕಡೆ ಓಡದ ಜಾಗ ನೋಡಿ ಗಾಡಿ ನಿಲ್ಲಿಸಿ. ನಾಲ್ಕೂ ಟೈರಿನ ಗಾಳಿ ಸರಿ ಮಾಡಿ.

ಬಾಗಿಲು ತೆರೆದು ಚೌಕಟ್ಟಿನ ಎರಡೂ ಮೂಲೆಗೆರೆ ಅಳೆಯಿರಿ. ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲಕ್ಕೆ, ಮೇಲಿನ ಬಲದಿಂದ ಕೆಳಗಿನ ಎಡಕ್ಕೆ. ಎರಡಕ್ಕೂ ವ್ಯತ್ಯಾಸ 2–3 ಮಿಮೀ ಒಳಗಿದ್ದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಈ ಗಾಡಿಯಲ್ಲಿ 9 ಮಿಮೀ ಇತ್ತು. ಅಂದರೆ ಚೌಕಟ್ಟು ಒಂದು ಬದಿಗೆ ವಾಲಿದೆ. ಬಾಗಿಲು ಮಾತ್ರ ಕಂಪನಿಯದು, ನೆಟ್ಟಗಿದೆ. ಒಂದು ಮೂಲೆಯಲ್ಲಿ ರಬ್ಬರ್ ಅಪ್ಪಚ್ಚಿ, ಎದುರಿನ ಮೂಲೆಯಲ್ಲಿ ಬೆಳಕು ಕಾಣುವಷ್ಟು ಸಂದು. ಧೂಳಿಗೆ ಅಷ್ಟು ಸಾಕು.

ನಿಂತಾಗ ಅಳತೆ ಸರಿಯಿದ್ದರೂ ಓಡುವಾಗ ತಿರುಚುವ ಗಾಡಿಗಳಿವೆ. ಅದನ್ನು ಹಿಡಿಯುವುದು ಹೀಗೆ. ಬಾಗಿಲು ಮುಚ್ಚಿ. ಬಾಗಿಲು ಮತ್ತು ಬಾಡಿ ಎರಡನ್ನೂ ದಾಟುವ ಹಾಗೆ ನಾಲ್ಕು ಮೂಲೆಗೂ ಪೇಂಟರುಗಳ ಕಾಗದದ ಟೇಪು ಅಂಟಿಸಿ. ಸಂದಿನ ಗುಂಟ ಬ್ಲೇಡಿನಿಂದ ಟೇಪು ಸೀಳಿ. ಈಗ ಟೇಪಿನ ಎರಡೂ ತುಂಡುಗಳ ಮೇಲೆ ಹಾಯುವಂತೆ ಪೆನ್ಸಿಲಿನಿಂದ ಒಂದು ನೇರ ಗೆರೆ ಎಳೆಯಿರಿ. ಆಮೇಲೆ ಹಿಂದಿನ ಒಂದು ಚಕ್ರ ನೆಲ ಬಿಡುವವರೆಗೆ ಜಾಕ್ ಏರಿಸಿ. ಕೆಳಗೆ ಯಾರೂ ಹೋಗಬಾರದು, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟಿರಬೇಕು. ಗೆರೆಯ ಎರಡು ತುಂಡುಗಳು ಎಷ್ಟು ಸರಿದವು ನೋಡಿ. ಪೆನ್ಸಿಲ್ ಗೆರೆಯ ದಪ್ಪದಷ್ಟು ಸರಿದರೆ ಸರಿ. ಇಲ್ಲಿ ಬಲಗಡೆ ಮೇಲಿನ ಮೂಲೆಯಲ್ಲಿ ಗೆರೆ ಎರಡು ತುಂಡಾಗಿ ಮೆಟ್ಟಿಲಿನ ಹಾಗೆ ನಿಂತಿತು. ಜಾಕ್ ಇಳಿಸಿದ ಕೂಡಲೇ ಮತ್ತೆ ಕೂಡಿಕೊಂಡಿತು. ನಿಂತ ಗಾಡಿಯಲ್ಲಿ ಎಷ್ಟೇ ದಿಟ್ಟಿಸಿದರೂ ಈ ದೋಷ ಕಾಣುವುದಿಲ್ಲ.

ಯಾಕೆ ಹೀಗೆ? ಕಂಪನಿಯ ಕಾರಿನ ಹಿಂದಿನ ಕಂಬ ಬರೀ ಒಂದು ಪತ್ರಾ ಅಲ್ಲ. ಹೊರಗೊಂದು, ಒಳಗೊಂದು ಪತ್ರಾ ಸೇರಿ ಮುಚ್ಚಿದ ಪೆಟ್ಟಿಗೆ. ಎರಡು ಕಂಬ, ಮೇಲಿನ ಅಡ್ಡಪಟ್ಟಿ, ಕೆಳಗಿನ ಅಡ್ಡಪತ್ರಾ ನಾಲ್ಕೂ ಸೇರಿ ಗಾಡಿ ತಿರುಚದ ಹಾಗೆ ಹಿಡಿದಿರುತ್ತವೆ. ಮನೆಯಲ್ಲಿ ಉದ್ದ ಮಾಡುವಾಗ ಹೊರಗಿನ ಪತ್ರಾ ಚೆಂದವಾಗಿ ಬಗ್ಗಿಸಿ ಬೆಸೆಯುತ್ತಾರೆ. ಒಳಗಿನದು ಹೇಗೂ ರೆಕ್ಸಿನ್ ಒಳಗೆ ಮುಚ್ಚಿಹೋಗುತ್ತದೆ ಅಂತ ಬಿಟ್ಟುಬಿಡುತ್ತಾರೆ. ಪೆಟ್ಟಿಗೆ ತೆರೆದು ಬರೀ ಪಟ್ಟಿಯಾಗುತ್ತದೆ. ಪರಿಹಾರ ಏನೆಂದರೆ ಒಳಪತ್ರಾ ಕೂಡಿಸಿ ಮತ್ತೆ ಪೆಟ್ಟಿಗೆ ಮಾಡುವುದು, ನಾಲ್ಕು ಮೂಲೆಗೂ 1.2 ಮಿಮೀ ಪತ್ರಾದ ತ್ರಿಕೋನ ತುಂಡು ಕೊಡುವುದು. ವಾಲಿದ ಚೌಕಟ್ಟನ್ನು ಮೊದಲು ಎಳೆದು ಮೂಲೆಗೆರೆ ಸರಿಮಾಡಿ, ಆಮೇಲೆ ಇದನ್ನು ಬೆಸೆಯಬೇಕು. ಹಿಂದುಮುಂದಾದರೆ ಸೊಟ್ಟವೇ ಗಟ್ಟಿಯಾಗುತ್ತದೆ.

ಬೆಸುಗೆಗೆ ಬ್ಯಾಟರಿಯ ನೆಗೆಟಿವ್ ತೆಗೆದಿಡಿ. ಡೀಸೆಲ್ ಟ್ಯಾಂಕಿನ ಹತ್ತಿರ ಕೆಲಸವಿದ್ದರೆ ಟ್ಯಾಂಕನ್ನೇ ಇಳಿಸಿ. ಕಡ್ಡಿ ವೆಲ್ಡಿಂಗ್ ಈ ಪತ್ರಾಗೆ ಆಗಿಬರುವುದಿಲ್ಲ, ತೂತು ಬೀಳುತ್ತದೆ. 0.8 ಮಿಮೀ ತಂತಿಯ ಮಿಗ್ (ತಂತಿ ತಾನೇ ಹೊರಬರುವ ಗನ್ನಿನ ವೆಲ್ಡಿಂಗ್) ಒಳ್ಳೆಯದು. ಇಲ್ಲಿ ಒಂದು ಚೂರು, ಅಲ್ಲಿ ಒಂದು ಚೂರು ಹೀಗೆ ಬಿಟ್ಟುಬಿಟ್ಟು ಬೆಸೆಯಿರಿ. ಒಂದೇ ಉಸಿರಿಗೆ ಉದ್ದಕ್ಕೆ ಎಳೆದರೆ ಕಾವಿಗೆ ಪತ್ರಾ ಡೊಂಕಾಗುತ್ತದೆ.

ಇಷ್ಟೆಲ್ಲ ಯಾಕೆ, ಗುಜರಿಯಿಂದ ಇಂಡಿಗೊ ಮರೀನಾದ ಹಿಂಭಾಗ ತಂದು ಕೂಡಿಸಿದರಾಯಿತಲ್ಲ ಎನ್ನುವವರು ಇದ್ದಾರೆ. 2004ರಲ್ಲಿ ಬಂದ ಮರೀನಾ ಇಂಡಿಕಾದ ವಂಶದ್ದೇ ಎಸ್ಟೇಟ್, ನಿಜ. ಆದರೆ ಇಂಡಿಕಾದ ಚಕ್ರಾಂತರ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2,400 ಮಿಮೀ, ಇಂಡಿಗೊದ್ದು 2,450. ಹಿಂದಿನ ಸಸ್ಪೆನ್ಶನ್ ಕೂಡ ಬೇರೆ. ಬಾಗಿಲು, ಗಾಜು, ಲ್ಯಾಂಪು ತಂದುಕೊಳ್ಳಿ, ಉಪಯೋಗಕ್ಕೆ ಬರುತ್ತವೆ. ನೆಲಪತ್ರಾ ಸಮೇತ ತಂದರೆ 50 ಮಿಮೀ ಎಲ್ಲಿ ಹೊಂದಿಸುವುದು ಎಂದು ಅಂಗಳದಲ್ಲಿ ಕೂರಬೇಕಾಗುತ್ತದೆ.

ಚೌಕಟ್ಟು ಸರಿಯಾದ ಮೇಲೂ ಧೂಳು ಬಂದರೆ

ಈಗ ಬೀಡಿಂಗ್ ನೋಡುವ ಹೊತ್ತು. ಹಳೆಯ ನೋಟಿನ ಅಗಲದ ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ರಬ್ಬರ್ ಒತ್ತುತ್ತಿದೆ. ಸುಮ್ನೆ ಜಾರಿ ಬಂದರೆ ಅಲ್ಲಿ ಒತ್ತಡವಿಲ್ಲ. ಒಂದು ಗೇಣಿಗೊಮ್ಮೆ ಸುತ್ತಲೂ ಹೀಗೆ ಮಾಡಿ, ಜಾರಿದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ.

ಇನ್ನೊಂದು ಪರೀಕ್ಷೆಗೆ ಊದುಬತ್ತಿ ಸಾಕು. ಎಲ್ಲ ಗಾಜು ಏರಿಸಿ, ಹೊರಗಿನ ಗಾಳಿ ತೆಗೆದುಕೊಳ್ಳುವ ಕಡೆ ಲಿವರ್ ಇಟ್ಟು ಬ್ಲೋವರ್ ಪೂರ್ತಿ ಹಾಕಿ. ಒಳಗೆ ಒತ್ತಡ ಏರುತ್ತದೆ. ಊದುಬತ್ತಿಯನ್ನು ಒಳಗಿನಿಂದ ಬೀಡಿಂಗ್ ಗುಂಟ ನಿಧಾನಕ್ಕೆ ಒಯ್ಯಿರಿ. ಸಂದು ಇದ್ದ ಕಡೆ ಹೊಗೆ ಥಟ್ಟನೆ ಹೊರಕ್ಕೆ ಎಳೆದುಕೊಳ್ಳುತ್ತದೆ. ಗಾಳಿಯಿಲ್ಲದ ಬೆಳಗ್ಗೆ ಮಾಡಿದರೆ ಒಳ್ಳೆಯದು. ಕೆಲವರು ಹೊರಗಿನಿಂದ ಸೋಪಿನ ನೀರು ಬಳಿದು ಗುಳ್ಳೆ ನೋಡುತ್ತಾರೆ, ಅದೂ ಸರಿಯೇ.

ಬೀಡಿಂಗ್ ಚೆನ್ನಾಗಿದ್ದೂ ಧೂಳು ಬರುವ ಗಾಡಿಯಲ್ಲಿ ಬಂಪರಿನ ಹಿಂದೆ ಇಣುಕಿ. ಹಲವು ಕಾರುಗಳಲ್ಲಿ ಒಳಗಿನ ಗಾಳಿ ಹೊರಹೋಗಲು ಅಲ್ಲಿ ರಬ್ಬರ್ ಎಸಳುಗಳ ಕಿಂಡಿ ಇರುತ್ತದೆ. ಎಸಳು ಹೊರಕ್ಕೆ ಮಾತ್ರ ತೆರೆಯುತ್ತದೆ. ಪತ್ರಾ ಕತ್ತರಿಸುವಾಗ, ಬೆಸುಗೆಯ ಕಾವಿಗೆ, ಅದು ಸುಟ್ಟೋ ಕಳಚಿಯೋ ಹೋದರೆ ಅಂಗೈ ಅಗಲದ ಕಿಟಕಿ ತೆರೆದಿಟ್ಟ ಹಾಗೆ. ಪೂರ್ತಿ ಮುಚ್ಚಲೂಬೇಡಿ. ಮುಚ್ಚಿದರೆ ಬಾಗಿಲು ಹಾಕುವಾಗ ಒಳಗಿನ ಗಾಳಿ ಹೋಗಲು ದಾರಿ ಸಿಗದೆ, ಬಾಗಿಲು ಗಟ್ಟಿಯಾಗಿ ಬಡಿಯಬೇಕಾಗುತ್ತದೆ. ಹೊಸ ಎಸಳು ಹಾಕಿಸಿ.

ಧೂಳು ತನ್ನ ದಾರಿಯನ್ನು ತಾನೇ ತೋರಿಸುತ್ತದೆ. ಒಳಗಿನ ಅಂಚಿಗೆ ಬಿಳಿ ಪ್ರೈಮರ್ ಹೊಡೆದು, ಹೊಲದ ದಾರಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ನಮ್ಮ ಕರಿಮಣ್ಣು ಬಿಳಿಯ ಮೇಲೆ ಬೀಸಣಿಗೆಯಾಗಿ ಹರಡಿರುತ್ತದೆ. ಅದರ ಚೂಪು ತುದಿ ಎಲ್ಲಿದೆಯೋ ತೂತು ಅಲ್ಲಿ.

ನೀರು

ನೀರು ಕಂಡ ಜಾಗವೂ ಸೋರಿದ ಜಾಗವೂ ಒಂದೇ ಆಗಿರುವುದು ಅಪರೂಪ. ಮೇಲೆ ಒಳಬಂದ ಹನಿ ಪತ್ರಾದ ಮಡಿಕೆಯಲ್ಲಿ ಹರಿದು, ತಗ್ಗು ಸಿಕ್ಕಲ್ಲಿ ಬೀಳುತ್ತದೆ. ಆ ತಗ್ಗು ಸ್ಟೆಪ್ನಿ ಗುಂಡಿ.

ಪ್ರೆಷರ್ ವಾಷರ್ ಹಿಡಿದು ಪರೀಕ್ಷೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಆ ರಭಸಕ್ಕೆ ಒಳ್ಳೆಯ ರಬ್ಬರೂ ಸೋರುತ್ತದೆ. ಸಾಧಾರಣ ಪೈಪಿನಿಂದ ಕೆಳಗಿನಿಂದ ಮೇಲಕ್ಕೆ ಬನ್ನಿ. ಮೊದಲು ಬಂಪರ್ ಮಟ್ಟ, ಆಮೇಲೆ ಹಿಂದಿನ ಲ್ಯಾಂಪು, ಆಮೇಲೆ ಗಾಜಿನ ಕೆಳಗಂಚು, ಕೊನೆಗೆ ಚಾವಣಿ. ಒಂದೊಂದು ಮಟ್ಟದಲ್ಲೂ ನಾಲ್ಕೈದು ನಿಮಿಷ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತಿರಬೇಕು. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆ ಒದ್ದೆಯಾಗಿ ಯಾವುದು ಎಲ್ಲಿಂದ ಬಂತು ಎಂದು ಗೊತ್ತಾಗುವುದೇ ಇಲ್ಲ. ಲ್ಯಾಂಪಿನ ಗ್ಯಾಸ್ಕೆಟ್, ಹಿಂದಿನ ವೈಪರಿನ ದಂಡ, ವೈರು ಹಾಯುವ ರಬ್ಬರ್ ಬುಶ್ ಈ ಮೂರರ ಮೇಲೆ ನನಗೆ ಯಾವಾಗಲೂ ಅನುಮಾನ.

ಬೆಸುಗೆಯಲ್ಲೇ ಸೂಜಿ ತೂತು ಇದ್ದರೆ ಪೈಪಿನ ನೀರಿಗೂ ಸಿಗದೇ ಹೋಗಬಹುದು. ಬೆಸುಗೆಯನ್ನು ಪೂರ್ತಿ ನುಣುಪಾಗುವ ಹಾಗೆ ಗ್ರೈಂಡ್ ಮಾಡಿದರೆ ಇಂಥ ತೂತು ಬಾಯಿ ತೆರೆಯುತ್ತವೆ. ಮೇಲೆ ಪುಟ್ಟಿ ಹಾಕಿ ಮುಚ್ಚಿದರೆ ಒಂದು ಮಳೆಗಾಲ ಕಳೆಯುತ್ತದೆ, ಅಷ್ಟೇ. ಪತ್ತೆಗೆ ಹಳೆಯ ಉಪಾಯವಿದೆ. ಸೀಮೆಸುಣ್ಣವನ್ನು ಪುಡಿ ಮಾಡಿ ನೀರಲ್ಲಿ ಕಲಸಿ ಬೆಸುಗೆಯ ಒಳಬದಿಗೆ ಬಳಿದು ಒಣಗಿಸಿ. ಹೊರಬದಿಗೆ ಬ್ರಶ್ಶಿನಿಂದ ಡೀಸೆಲ್ ಹಚ್ಚಿ. ಕಾಲು ಗಂಟೆ ಬಿಟ್ಟು ನೋಡಿ. ಬಿಳಿಯ ಮೇಲೆ ಮೊದಲು ಸಾಸಿವೆಯಷ್ಟು ಕಪ್ಪು ಚುಕ್ಕೆ ಮೂಡುತ್ತದೆ, ಆಮೇಲೆ ಅದು ಹರಡುತ್ತದೆ. ಬಿರುಕಾದರೆ ಕೂದಲಿನಂಥ ಗೆರೆ. ಹರಡುವ ಮೊದಲೇ ಪಿನ್ನಿನಿಂದ ಗೀರಿ ಗುರುತಿಡಿ. ಮತ್ತೆ ಬೆಸೆಯುವ ಮುನ್ನ ಡೀಸೆಲ್ಲನ್ನು ಥಿನ್ನರಿನಿಂದ ಒರೆಸಿ, ಥಿನ್ನರ್ ಪೂರ್ತಿ ಆರಲು ಬಿಡಬೇಕು. ಇಲ್ಲದಿದ್ದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಕೊನೆಗೆ ಪ್ರೈಮರ್, ಅದರ ಮೇಲೆ ಬಾಡಿ ಕೆಲಸಕ್ಕೆಂದೇ ಸಿಗುವ ಪಾಲಿಯುರೆಥೇನ್ ಸೀಲೆಂಟ್.

ಪಕ್ಕದ ಕಿಟಕಿ ಬಿರಿಯುವುದು

ಉದ್ದ ಮಾಡಿದ ಭಾಗಕ್ಕೆ ಗಾಜಿನ ಬದಲು ಅಕ್ರಿಲಿಕ್ ಹಾಳೆ ಕತ್ತರಿಸಿ ಸ್ಕ್ರೂ ಹೊಡೆಯುವುದು ಮಾಮೂಲು. ಡಿಸೆಂಬರಿನಲ್ಲಿ ಚೆನ್ನಾಗಿರುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42–43 ಡಿಗ್ರಿ ಮುಟ್ಟಿದಾಗ ಸ್ಕ್ರೂ ತೂತಿನಿಂದ ಬಿರುಕು ಹೊರಡುತ್ತದೆ, ಇಲ್ಲವೇ ಹಾಳೆ ಉಬ್ಬಿ ಸೀಲ್ ಬಿಡುತ್ತದೆ. ಕಬ್ಬಿಣಕ್ಕಿಂತ ಅಕ್ರಿಲಿಕ್ ಸುಮಾರು ಆರು ಪಟ್ಟು ಹಿಗ್ಗುತ್ತದೆ. ಒಂದು ಮೀಟರ್ ಹಾಳೆ 40 ಡಿಗ್ರಿ ಏರಿಕೆಗೆ ಹತ್ತಿರಹತ್ತಿರ 3 ಮಿಮೀ ಬೆಳೆಯುತ್ತದೆ. ಅದೇ ಉದ್ದದ ಪತ್ರಾ ಅರ್ಧ ಮಿಮೀ ಮಾತ್ರ. ಹಾಗಾಗಿ ಸ್ಕ್ರೂ ತೂತು ಸ್ಕ್ರೂಗಿಂತ 3–4 ಮಿಮೀ ದೊಡ್ಡದಿರಲಿ, ರಬ್ಬರ್ ವಾಷರ್ ಹಾಕಿ, ಬಿಗಿ ಕಡಿಮೆ ಇರಲಿ. ರಬ್ಬರ್ ಚೌಕಟ್ಟಿನಲ್ಲಿ ಕೂರಿಸಿದರೆ ಇನ್ನೂ ಮೇಲು.

ಹಿಂಭಾಗ ಕೂರುವುದು

ಭಾರಕ್ಕೆ ಹಿಂಭಾಗ ತಗ್ಗಿತೆಂದು ತಕ್ಷಣ ಸ್ಪ್ರಿಂಗ್ ಬದಲಿಸಲು ಓಡಬೇಡಿ. ಏನು ಕೂರುತ್ತಿದೆ ಎನ್ನುವುದನ್ನು ಮೊದಲು ತಿಳಿಯಿರಿ. 2 ಅಡಿ ಚೌಕದ, 1 ಇಂಚು ದಪ್ಪದ ಫರಸಿ ಸುಮಾರು 25 ಕೆಜಿ ತೂಗುತ್ತದೆ. ನಾಲ್ಕು ಇಟ್ಟರೆ ಒಂದು ಕ್ವಿಂಟಲ್. ಇಡುವ ಮೊದಲೂ ಇಟ್ಟ ಮೇಲೂ ಎರಡು ಅಳತೆ ಬರೆದುಕೊಳ್ಳಿ. ಒಂದು, ಹಿಂದಿನ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿಗೆ. ಎರಡು, ಗಾಡಿಯ ಕಟ್ಟಕಡೆಯ ಅಂಚಿನಿಂದ ನೆಲಕ್ಕೆ.

ಮೊದಲನೆಯ ಅಳತೆ ತಗ್ಗಿದರೆ ಸ್ಪ್ರಿಂಗ್ ಕೆಲಸ ಮಾಡುತ್ತಿದೆ. ಭಾರಕ್ಕೆ ತಗ್ಗಲೇಬೇಕು. ಭಾರವಿಲ್ಲದಾಗಲೂ ಎಡಕ್ಕೂ ಬಲಕ್ಕೂ ವ್ಯತ್ಯಾಸವಿದ್ದರೆ ಒಂದು ಸ್ಪ್ರಿಂಗ್ ಸೋತಿದೆ ಅಥವಾ ಮುರಿದಿದೆ. ಹಿಂದಿನ ತುದಿ ಚಕ್ರದ ಹತ್ತಿರಕ್ಕಿಂತ ಸ್ವಲ್ಪ ಜಾಸ್ತಿ ಇಳಿಯುವುದು ಸಹಜ, ಗಾಡಿಯೇ ಹಿಂದಕ್ಕೆ ವಾಲುತ್ತದೆ. ಆದರೆ ಚಕ್ರದ ಅಳತೆ ಹೆಚ್ಚೇನೂ ಬದಲಾಗದೆ ತುದಿ ಮಾತ್ರ ಕುಸಿದರೆ, ಕೂಡಿಸಿದ ನೆಲಪತ್ರಾವೇ ಬಗ್ಗುತ್ತಿದೆ. ಮತ್ತೆ ಚೌಕಟ್ಟಿನ ಕಥೆಯೇ. ಇದಕ್ಕೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಬಗ್ಗುವುದು ನಿಲ್ಲದು, ಬೆಸುಗೆಗೆ ಹೊಡೆತ ಜಾಸ್ತಿಯಾಗುತ್ತದೆ. ನೆಲದ ಕೆಳಗೆ ಉದ್ದಕ್ಕೆ ಹೋಗುವ ಚಾಸಿ ಪಟ್ಟಿಯನ್ನು ಹೊಸ ತುದಿಯವರೆಗೆ ಒಯ್ಯಬೇಕು.

ಚಕ್ರಾಂತರ 2,400 ಮಿಮೀ ಇರುವ ಗಾಡಿಯಲ್ಲಿ ಹಿಂದಿನ ಆಕ್ಸಲ್‌ನಿಂದ 600 ಮಿಮೀ ಹಿಂದೆ 100 ಕೆಜಿ ಇಟ್ಟರೆ ಹಿಂದಿನ ಚಕ್ರಗಳ ಮೇಲೆ 125 ಕೆಜಿ ಬೀಳುತ್ತದೆ, ಮುಂದಿನಿಂದ 25 ಕೆಜಿ ಎದ್ದುಹೋಗುತ್ತದೆ. ಅದೇ ಭಾರ ಆಕ್ಸಲ್‌ನಿಂದ 900 ಮಿಮೀ ಹಿಂದಿದ್ದರೆ ಹಿಂದೆ 137.5, ಮುಂದೆ 37.5 ಕಡಿಮೆ. ಸ್ಟೀರಿಂಗ್ ಹಗುರ ಅನ್ನಿಸುವುದು, ಹೆಡ್‌ಲೈಟ್ ಮರದ ತುದಿಗೆ ಹೊಡೆಯುವುದು ಇದರಿಂದ. ತೊಗರಿ ಚೀಲ ಮುಂದಿನ ಸೀಟಿನ ಬೆನ್ನಿಗೆ ತಾಗಿಸಿ ಇಡಿ, ಹಿಂದೆ ಹಗುರ ಸಾಮಾನು. ಸ್ಪ್ರಿಂಗ್ ಸುರುಳಿಯ ನಡುವೆ ರಬ್ಬರ್ ಬಫರ್ ತುರುಕುವುದು ನನಗೆ ಇಷ್ಟವಿಲ್ಲ. ಕೆಲಸ ಮಾಡುವ ಸುರುಳಿ ಕಡಿಮೆಯಾಗಿ ಉಳಿದವುಗಳ ಮೇಲೆ ಭಾರ ಬೀಳುತ್ತದೆ.

ದೀಪ

ಬ್ರೇಕ್ ಒತ್ತಿದಾಗ ಇಂಡಿಕೇಟರೂ ಮಿಣುಕಿದರೆ ಬಲ್ಬು ಬದಲಿಸುತ್ತ ಕೂರಬೇಡಿ, ಅರ್ಥಿಂಗ್ ಹೋಗಿದೆ. ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಲ್ಯಾಂಪಿನ ಅರ್ಥ್ ಪಿನ್ನಿಗೆ ಇಟ್ಟು, ದೀಪ ಹೊತ್ತಿಸಿ ನೋಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಬೋಲ್ಟಿನ ಅಡಿಯ ಪೇಂಟ್ ಕೆರೆದು ಹೊಸ ವೈರು ಹಾಕಿ. ಹೊಸದಾಗಿ ಪೇಂಟ್ ಮಾಡಿದ ಗಾಡಿಗಳಲ್ಲಿ ಇದೇ ಹೆಚ್ಚು.

ದೀಪ ಒಮ್ಮೆ ಹತ್ತಿ ಒಮ್ಮೆ ಆರಿದರೆ ಹಿಂಜ್ ಹತ್ತಿರ ಬಾಗಿಲಿಗೆ ಹೋಗುವ ವೈರು ನೋಡಿ. ಉದ್ದ ಮಾಡುವಾಗ ತಿರುವಿ ಟೇಪು ಸುತ್ತಿದ ಜೋಡು ಅಲ್ಲೇ ಇದ್ದರೆ, ಬಾಗಿಲು ತೆರೆದು ಮುಚ್ಚಿ ಒಳಗೇ ತುಂಡಾಗಿರುತ್ತದೆ. ಜೋಡನ್ನು ಬಗ್ಗದ ಜಾಗಕ್ಕೆ ಸರಿಸಿ, ಸೋಲ್ಡರ್ ಹಾಕಿ ಪ್ಲಾಸ್ಟಿಕ್ ಸ್ಲೀವ್ ತೊಡಿಸಿ, ಬಾಗಿಲು ಪೂರ್ತಿ ಎತ್ತಿದಾಗಲೂ ವೈರು ಬಿಗಿಯದಷ್ಟು ಸಡಿಲ ಬಿಡಿ.